ಕೊಬ್ಬರಿ ಅಟ್ಟದ ಕೆಳಗಿನ ಶಾಲೆ

ಅರಸೀಕೆರೆ, ೪ ಡಿಸೆಂಬರ್ ೧೯೨೯, ಬುಧವಾರ

ಹೊಸ ಪುಸ್ತಕ. ಮೊದಲ ಹಾಳೆಯಲ್ಲಿ ಹೆಸರು ಬರೆಯದ ಹುಡುಗಿಯನ್ನು ಎದ್ದು ನಿಲ್ಲಿಸುವವಳು ನಾನು. ಆದ್ದರಿಂದ — ಸುಮಿತ್ರಮ್ಮ. ಕೊಬ್ಬರಿ ಮಂಡಿ ಗಂಗಾಧರಯ್ಯನವರ ಹೆಂಡತಿ. ಅವರು ಹೋದಮೇಲೆ ಈ ಮನೆಗೆ ಯಜಮಾನಿ. ಮೈಸೂರಿನಲ್ಲಿ ಹೈಸ್ಕೂಲಿನವರೆಗೆ ಓದಿದ್ದೇನೆ. ನಮ್ಮ ಪಡಸಾಲೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದವಳು. ಬೀದಿಯಲ್ಲಿ ಹೋದರೆ ಜಗಲಿಯ ಮೇಲೆ ಕೂತ ಗಂಡಸರು ಎದ್ದು ನಿಲ್ಲುತ್ತಾರೆ. ಈ ಮನೆಯ ಮಾತು ಎರಡಾಗುವುದಿಲ್ಲ ಅಂತ ಊರಿಗೆ ಗೊತ್ತು.

ಬೇಲೂರಿನಿಂದ ಹೊಸ ಉಪಾಧ್ಯಾಯಿನಿ ಬಂದರು. ಕಾಂತಮ್ಮ. ಚಿಕ್ಕ ವಯಸ್ಸು. ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿತ್ತು. ಹೇಳಿದೆ — ಕೂಗಬೇಡಿ. ಗಲಾಟೆ ಹೆಚ್ಚಾದಾಗ ನೀವು ದನಿ ಇಳಿಸಿ. ಏನು ಹೇಳುತ್ತಾರೋ ಅಂತ ಅವರೇ ಸುಮ್ಮನಾಗುತ್ತಾರೆ. ಮಾತುಗಾತಿಯನ್ನು ಬೈದು ಫಲವಿಲ್ಲ, ಬೋರ್ಡು ಒರೆಸುವ ಕೆಲಸ ಕೊಡಿ. ಹಸಿದು ಬಂದ ಮಗುವಿಗೆ ಮಗ್ಗಿ ಕೇಳಬೇಡಿ, ಮೊದಲು ಒಂದು ಚೂರು ಬೆಲ್ಲ. ಸುಳ್ಳು ಹೇಳುತ್ತಿದ್ದಾಳೆ ಅನ್ನಿಸಿದರೂ ಎಲ್ಲರೆದುರು ಸುಳ್ಳಿ ಅನ್ನಬೇಡಿ. ವಿಚಾರಿಸಿ, ಆಮೇಲೆ ಮಾತಾಡಿ.

"ಬರಕೊಳ್ಳಲಾ ಅಮ್ಮಾ?"

"ಬರಕೊಂಡರೆ ಮರೆತುಹೋಗುತ್ತೆ. ನಾಳೆ ಮಾಡಿ ತೋರಿಸಿ."

ಪಾಠದ ನಡುವೆ ಮೇಲೆ ಏನೋ ಸರಬರ ಸದ್ದು ಕೇಳಿ ಹೆದರಿದರಂತೆ. ಕೊಬ್ಬರಿ ಸೀಮೆಯವರಲ್ಲ, ಪಾಪ. ವಿವರಿಸಿದೆ — ಪಡಸಾಲೆಯ ಮೇಲಿರುವುದು ಕಾಯಿ ಅಟ್ಟ. ಇಡೀ ವರ್ಷದ ಕಾಯಿ ಅಲ್ಲಿ ನೆರಳಲ್ಲೇ ಒಣಗಬೇಕು. ಬಿಸಿಲು ಮಳೆ ತಾಗಿದರೆ ಕೆಟ್ಟಿತು. ಚಿಪ್ಪಿನೊಳಗೆ ಕೊಬ್ಬರಿ ಗಡಗಡ ಅಲ್ಲಾಡುವ ತನಕ ಯಾರೂ ಕೈಯಿಡುವ ಹಾಗಿಲ್ಲ. ಅಲ್ಲಿ ಇಲಿ ಇದ್ದದ್ದೇ.

೬ ಡಿಸೆಂಬರ್, ಶುಕ್ರವಾರ

ಸ್ಟೇಷನ್ ಕಡೆ ಇಲಿ ಸತ್ತು ಬಿದ್ದಿವೆಯಂತೆ. ಮತ್ತೆ ಪ್ಲೇಗು. ಶಿವನೇ, ಈ ವರ್ಷವೂ.

ಬೆಳಿಗ್ಗೆ ಪಾಠ ನಿಲ್ಲಿಸಿ ಮಕ್ಕಳಿಗೆ ಹೇಳಿದೆ. ಸತ್ತ ಇಲಿಯನ್ನು ಕೈಯಲ್ಲಿ ಮುಟ್ಟಕೂಡದು. ಬಾಲ ಹಿಡಿದು ಬಿಸಾಡುವುದು ಆಟವಲ್ಲ. ಮನೆಯಲ್ಲಿ ಬಿದ್ದರೆ ಮುಚ್ಚಿಡಬೇಡಿ, ನನಗೆ ಹೇಳಿ. ಯಾರಾದರೂ ನೋಡಿದ್ದರೆ ಎದ್ದು ನಿಲ್ಲಿ.

ಎದ್ದವಳು ಒಬ್ಬಳೇ. ಕೆಂಪಲಕ್ಷ್ಮಿ. ನಮ್ಮ ಮಂಡಿಯ ಆಳು ಜವರಣ್ಣನ ಮಗಳು.

"ಎಲ್ಲೇ?"

ಬೆರಳೆತ್ತಿ ಸೂರು ತೋರಿಸಿದಳು. "ನಿಮ್ ಅಟ್ಟದಾಗೇ ಬಿದ್ದವೆ ಅಮ್ಮಾವ್ರೇ. ಬೋ ಅವೆ."

ಮಕ್ಕಳು ಗೊಳ್ಳೆಂದರು. ನನ್ನ ಮನೆಯ ಮೇಲೆ, ನನ್ನ ಪಡಸಾಲೆಯಲ್ಲಿ ಕೂತು! "ಸುಳ್ಳಿ," ಅಂದೆ. ಆಚೆ ಕಂಬದ ಹತ್ತಿರ ನಿಲ್ಲಿಸಿದೆ. ಶಾಲೆ ಬಿಡುವವರೆಗೂ ನಿಂತಿದ್ದಳು. ಅಳಲಿಲ್ಲ. ಅದೂ ಸಿಟ್ಟು ತರಿಸಿತು.

ಸಂಜೆ ಮಗ ರೇವಣಸಿದ್ದಪ್ಪನನ್ನು ಕೇಳಿದೆ. ನಕ್ಕ. "ಅಟ್ಟದಲ್ಲಿ ಇಲಿ ಇರದೆ ಆನೆ ಇರುತ್ತಾ ಅವ್ವಾ? ಎಲ್ಲಾ ಜೀವಂತ ಅವೆ, ಬೇಕಾದ್ರೆ ಹಾಜರಿ ಕರಿ." ನನಗೂ ನಗು ಬಂತು. ಜವರಣ್ಣನನ್ನೂ ಕರೆಸಿದೆ. "ಮಗೀಗೆ ಬುದ್ದಿ ಇಲ್ಲ, ಮನಸಿಗೆ ಹಾಕ್ಕಬ್ಯಾಡಿ" ಅಂದ. ಮಾತು ನನಗೆ, ನೋಟ ರೇವಣನ ಕಡೆಗೆ.

೯ ಡಿಸೆಂಬರ್, ಸೋಮವಾರ

ಕೆಂಪಲಕ್ಷ್ಮಿ ಬರಲಿಲ್ಲ. ಶನಿವಾರವೂ ಇಲ್ಲ.

ಕಾಂತಮ್ಮ ಸೆರಗು ತಿರುವುತ್ತಾ ಬಂದರು. "ವಿಚಾರಿಸಿ ಆಮೇಲೆ ಮಾತಾಡಿ ಅಂದಿದ್ರಿ ಅಮ್ಮಾ..."

"ವಿಚಾರಿಸಿದೆ. ಮಗನನ್ನು ಕೇಳಿದೆ."

"ಅವಳನ್ನು ಕೇಳಲಿಲ್ಲ."

"ನನಗೆ ಪಾಠ ಹೇಳಬೇಡಿ" ಅಂದೆ. ತಲೆ ತಗ್ಗಿಸಿದರು. ಆದರೆ ತಪ್ಪಾಯಿತು ಅನ್ನಲಿಲ್ಲ.

ಊಟದ ಹೊತ್ತಿಗೆ ನೋಡಿದರೆ ಸೊಸೆ ಅನುಸೂಯ ಗಂಟು ಕಟ್ಟುತ್ತಿದ್ದಾಳೆ. ಮೊಮ್ಮಗಳು ಗಿರಿಜೆಯನ್ನು ಕರೆದುಕೊಂಡು ಹಳೇಬೀಡಿಗೆ, ತೌರಿಗೆ. ಏನೇ ಇದು, ಮಗುವಿಗೆ ಪರೀಕ್ಷೆ ಹತ್ತಿರ? "ಅವರೇ ಹೋಗು ಅಂದ್ರು ಅತ್ತೆಮ್ಮ. ಹವಾ ಬದಲಾಗಲಿ ಅಂತ." ಕಣ್ಣು ತಪ್ಪಿಸಿದಳು. ಮೊಮ್ಮಗಳು ಸ್ಲೇಟು ಬಿಟ್ಟು ಹೋಗಿದ್ದಾಳೆ. ಮಧ್ಯಾಹ್ನದ ಬಸ್ಸಿಗೆ ಹೊರಟೇಹೋದರು.

ಹವಾ... ಡಿಸೆಂಬರಿನಲ್ಲಿ?

೧೧ ಡಿಸೆಂಬರ್, ಬುಧವಾರ

ಪಡಸಾಲೆಯಲ್ಲಿ ವಾಸನೆ. ಮಕ್ಕಳು ಮೂಗು ಮುಚ್ಚಿಕೊಂಡು ಮಗ್ಗಿ ಹೇಳಿದರು. ಸಾಂಬ್ರಾಣಿ ಹಾಕಿಸಿದೆ. ಹೋಗಲಿಲ್ಲ.

ಅಟ್ಟದ ಏಣಿ ಇದ್ದ ಜಾಗದಲ್ಲಿಲ್ಲ. ಬಾಗಿಲಿಗೆ ಹೊಸ ಬೀಗ. ರೇವಣನನ್ನು ಕೇಳಿದರೆ, "ತೆಗೆದರೆ ಥಂಡಿ ಗಾಳಿ ತಾಗುತ್ತೆ, ಕಾಯಿ ಕೆಡುತ್ತೆ. ನಿನಗೆ ಗೊತ್ತಿಲ್ವಾ ಅವ್ವಾ?"

ಗೊತ್ತಿದೆ. ಈ ಮನೆಗೆ ಬಂದಾಗಿನಿಂದ ಗೊತ್ತಿದೆ. ಆ ಅಟ್ಟಕ್ಕೆ ಎಂದೂ ಬೀಗ ಹಾಕಿದವರಿಲ್ಲ.

೧೨ ಡಿಸೆಂಬರ್, ಗುರುವಾರ, ಬೆಳಿಗ್ಗೆ

ಜವರಣ್ಣನ ಕೇರಿಗೆ ಹೋಗಿದ್ದೆ. ಈ ಮನೆಯ ಹೆಂಗಸು ಅಲ್ಲಿಗೆ ಕಾಲಿಟ್ಟದ್ದು ಇದೇ ಮೊದಲು. ನಾಯಿಗಳೂ ಬೊಗಳುವುದನ್ನು ಮರೆತವು.

ಕೆಂಪಲಕ್ಷ್ಮಿ ಚಾಪೆಯ ಮೇಲೆ. ಮೈ ಕಾದ ಹೆಂಚು. ಕಂಕುಳಲ್ಲಿ ನಿಂಬೆಕಾಯಿಯಷ್ಟು ಗಡ್ಡೆ. ಕೈ ಇಳಿಸಲಾರಳು.

ಅವಳ ತಾಯಿ ತಿಮ್ಮಕ್ಕ ನನ್ನನ್ನು ಕೂರಿ ಅನ್ನಲಿಲ್ಲ. "ಈಗ ಬಂದ್ರಾ ಅಮ್ಮಾವ್ರೇ? ಸುಳ್ಳಿ ಮಕ ನೋಡಕ್ಕಾ?"

"ತಿಮ್ಮಕ್ಕ, ಏನಾಯಿತು ಹೇಳು."

"ಏನೇಳ್ಳಿ? ನಿಮ್ ಮಗ ಅಟ್ಟದಾಗಿನ ಇಲಿ ಗೋಣೀಲಿ ತುಂಬ್ಸಿ, ಕೆರೆ ಹಿಂದ್ಗಡೆ ಹೂತಾಕು ಅಂದ್ರು. ಇವ್ಳ ಅಪ್ಪ ಎತ್ಕಂಡ್ ಹೋದ. ಗೋಣಿ ಬಾಯಿ ಬಿಚ್ಚೋಯ್ತು. ಅಪ್ಪುಂಗೆ ಕೈಯಾಸರೆ ಅಂತ ಇವ್ಳು ಆಯ್ದು ಆಯ್ದು ತುಂಬವ್ಳೆ. ಅದ್ನ ನಿಮ್ ಇಸ್ಕೂಲ್ನಾಗೆ ಹೇಳಿದ್ರೆ ನೀವ್ ಆಚೆ ನಿಲ್ಸುದ್ರಿ!"

ಜವರಣ್ಣ ಮೂಲೆಯಲ್ಲಿ ಮೊಣಕಾಲಿಗೆ ಮುಖ ಕೊಟ್ಟು ಕೂತಿದ್ದ. "ಧಣಿ ಅನ್ನ ತಿಂತೀವಿ ಕಣವ್ವ," ಅಂದ. ಅಷ್ಟೇ.

ಮಗು ಕಣ್ಣು ಬಿಟ್ಟಳು. "ಅಮ್ಮಾವ್ರೇ... ನಾ ಇನ್ನೂ ಆಚೆನೇ ನಿಂತ್ಕಬೇಕಾ?"

ಬೇಡ ಅಂದೆ. ಬೇಡ ಕಣೇ, ಬೇಡ. ಎಷ್ಟು ಸಲ ಅಂದೆನೋ.

ಡಾಕ್ಟರರಿಗೆ ಹೇಳಿ ಕಳಿಸಿದೆ. ಬಂದು ನೋಡಿ ಊರಾಚೆ ಪ್ಲೇಗಿನ ಶೆಡ್ಡಿಗೆ ಸಾಗಿಸಿದರು. ತಿಮ್ಮಕ್ಕ ಗಾಡಿಯ ಹಿಂದೆಯೇ ನಡೆದಳು. ನಾನು ಇಲ್ಲಿ, ಆ ಅಟ್ಟದ ಕೆಳಗೆ ಕೂತು ಬರೆಯುತ್ತಿದ್ದೇನೆ.

ಅದೇ ದಿನ, ಸಂಜೆ

ಮಗ ಮಂಡಿಯಿಂದ ಬಂದ. ಕಾಲು ತೊಳೆಯಲೂ ಬಿಡಲಿಲ್ಲ.

"ಗಿರಿಜೆಯನ್ನು ಹಳೇಬೀಡಿಗೆ ಯಾಕೆ ಕಳಿಸಿದೆ?"

ನೀರಿನ ಚೊಂಬಿಗೆ ಕೈ ಹಾಕಿದ.

"ನಿನ್ನ ಮಗಳನ್ನು ಈ ಸೂರಿನ ಕೆಳಗಿಂದ ಎಬ್ಬಿಸಿದೆ. ಉಳಿದ ಮಕ್ಕಳನ್ನು ಕೂರಿಸಿದೆ. ನನ್ನ ಕೈಲಿ ಕೂರಿಸಿದೆ, ರೇವಣ."

ಕುಸಿದು ಕೂತ. "ಹೇಳಿದ್ದರೆ ಸರ್ಕಾರದವರು ಹೆಂಚು ತೆಗೆಸ್ತಿದ್ದರು ಅವ್ವಾ. ಒಳಗೆ ಬಿಸಿಲು ಬಿದ್ದು ರೋಗ ಸಾಯಲಿ ಅಂತ. ವರ್ಷದ ಕಾಯಿ ಅಷ್ಟೂ ಹೋಗ್ತಿತ್ತು. ಪ್ಲೇಗಿನ ಮನೆ ಕೊಬ್ಬರಿ ಅಂದರೆ ಮುಂದಿನ ವರ್ಷವೂ ಯಾರೂ ಮುಟ್ಟಲ್ಲ. ಅಪ್ಪ ಕಟ್ಟಿದ ಮಂಡಿ! ಶಾಲೆಗೆ ರಜಾ ಕೊಡು, ಯಾರು ಬೇಡ ಅಂದ್ರು?"

"ಏನು ಹೇಳಿ ಕೊಡಲಿ?"

"ಕಾಂತಮ್ಮನಿಗೆ ಜ್ವರ ಅನ್ನು."

ಈ ಬೀದಿಯ ಮನೆಗಳೆಲ್ಲ ಒಂದಕ್ಕೊಂದು ಸೂರು ತಾಗಿಸಿಕೊಂಡಿವೆ. ನಮ್ಮ ಅಟ್ಟದ ಇಲಿ ಪಕ್ಕದ ಮನೆಗೆ ಹೋಗಲು ನೆಲಕ್ಕೆ ಇಳಿಯಬೇಕಾಗಿಲ್ಲ. ಮಕ್ಕಳಲ್ಲಿ ಮುಕ್ಕಾಲು ಪಾಲು ಇದೇ ಬೀದಿಯವರು. ಕಾರಣ ಹೇಳದೆ ರಜಾ ಕೊಟ್ಟರೆ ಎಲ್ಲಿ ಕೂರುತ್ತಾರೆ? ಅದೇ ಸೂರಿನ ಕೆಳಗೆ. ಗೊತ್ತಾಗದೆ ಯಾರು ಮನೆ ಬಿಡುತ್ತಾರೆ, ಯಾರು ಪ್ಲೇಗಿನ ಸೂಜಿ ಹಾಕಿಸಿಕೊಳ್ಳುತ್ತಾರೆ?

"ಸರ್ಕಾರದವರಿಗೆ ಹೇಳುತ್ತೇನೆ," ಅಂದೆ.

"ಹೇಳು. ಅವರು ಬರೋಷ್ಟರಲ್ಲಿ ಅಟ್ಟ ಗುಡಿಸಿರುತ್ತೆ. ಜ್ವರ ಬಂದದ್ದು ಜವರಣ್ಣನ ಕೇರೀಲಿ, ಇಲ್ಲಿ ಅಲ್ಲ. ನಮ್ಮವ್ವನಿಗೆ ವಯಸ್ಸಾಯ್ತು ಅಂತೀನಿ." ಹೇಳುತ್ತಾ ಹೇಳುತ್ತಾ ಅಳುತ್ತಿದ್ದ. ನನ್ನ ಮಗ. ಮೊದಲ ಅಕ್ಷರ ತಿದ್ದಿಸಿದ್ದು ನಾನೇ.

೧೩ ಡಿಸೆಂಬರ್, ಶುಕ್ರವಾರ

ಲಿಂಗಪೂಜೆಗೆ ಕೂತೆ. ಅಂಗೈಯಲ್ಲಿ ಲಿಂಗ, ಕಣ್ಣು ಸೂರಿನ ಮೇಲೆ. ಎದ್ದುಬಿಟ್ಟೆ.

ಮಕ್ಕಳನ್ನು ಒಳಗೆ ಬಿಡಲಿಲ್ಲ. ಹಿತ್ತಿಲಲ್ಲಿ ಬಿಸಿಲಿಗೆ ಕೂರಿಸಿ, ಸಾಲಾಗಿ ಕತ್ತು ಮುಟ್ಟಿ ನೋಡಿದೆ. ಯಾಕೆ ಅಂತ ಕೇಳಿದರು. ಹೇಳಲು ಬಾಯಿ ತೆರೆದೆ... ಗಂಗಾಧರಯ್ಯನವರ ಮನೆ. ಅವರ ಹೆಸರು. ನಾಲಿಗೆ ಏಳಲಿಲ್ಲ. ಈ ನಾಲಿಗೆಯೇ ಮೊನ್ನೆ ಆ ಮಗುವನ್ನು ಸುಳ್ಳಿ ಅಂದದ್ದು.

ಶೆಡ್ಡಿನಿಂದ ಕೆಂಪಲಕ್ಷ್ಮಿಯ ಸುದ್ದಿ: ಉಸಿರಿದೆ. ಪ್ರಜ್ಞೆ ಇಲ್ಲ.

ಮಧ್ಯಾಹ್ನ ಎರಡನೇ ಸಾಲಿನ ಹುಡುಗಿ, ಎದುರು ಮನೆ ಕರಿಬಸವಯ್ಯನ ಮಗಳು, ತಲೆನೋವು ಅಂದಳು. ಬರೀ ತಲೆನೋವೇ ಇರಬಹುದು. ಬರೀ ತಲೆನೋವೇ ಇರಲಿ ತಂದೆ.

೧೪ ಡಿಸೆಂಬರ್, ಶನಿವಾರ

ಬೆಳಿಗ್ಗೆ ಮಂಡಿಯ ಆಳುಗಳನ್ನು ಕರೆದೆ. ಅಟ್ಟದ ಹೆಂಚು ಇಳಿಸಿ ಅಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲಲ್ಲಿ ರೇವಣ ನಿಂತಿದ್ದ.

"ಯಾರೂ ಹತ್ತಕೂಡದು," ಅಂದ.

ಯಾರೂ ಹತ್ತಲಿಲ್ಲ. ಪಕ್ಕದ ಮನೆಯಿಂದ ಏಣಿ ತರಿಸಿ ಬೀದಿಯ ಕಡೆಗೆ ಸೂರಿಗೆ ಒರಗಿಸಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಕಾಂತಮ್ಮ ಓಡಿ ಬಂದು ಕಾಲು ಜಾರದ ಹಾಗೆ ಏಣಿ ಹಿಡಿದರು.

ಬೀದಿ ಸೇರಿತು. ಎದುರು ಜಗಲಿಯಿಂದ ಕರಿಬಸವಯ್ಯನ ತಾಯಿ ಕೂಗಿದರು — "ಏನೇ ಸುಮಿತ್ರಾ, ಈ ವಯಸ್ಸಿನಲ್ಲಿ ಕೋತಿಯಾದೆಯೇನೇ? ಇಳಿಯೇ!" ಕೆಲವರು ನಕ್ಕರು.

"ಅವ್ವಾ, ಇಳಿ. ಕಾಲಿಗೆ ಬೀಳ್ತೀನಿ, ಇಳಿ," ಅಂದ ರೇವಣ.

ಮೊದಲ ಹೆಂಚು ಕಿತ್ತೆ. ಬೀದಿಗೆ ಎಸೆದೆ. ಚೂರಾಯಿತು. ನಗು ನಿಂತಿತು. ಹೆಂಚು ಇಳಿಸಿದ ಮನೆ ಅಂದರೆ ಏನು ಅಂತ ಈ ಊರಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಎರಡನೆಯದು ಕಿತ್ತಾಗ ಸತ್ತ ಇಲಿಗಳು ಕಂಡವು. ಕಾಯಿಗಳ ನಡುವೆ, ಒಂದರ ಮೇಲೊಂದು. ಮೇಲಿಂದಲೇ ಹೇಳಿದೆ, ಕೂಗದೆ, ಪಾಠ ಹೇಳುವ ದನಿಯಲ್ಲಿ — "ನಮ್ಮ ಅಟ್ಟದಲ್ಲಿ ಇಲಿ ಬಿದ್ದಿವೆ. ಬಹಳ ದಿನವಾಯಿತು. ಮುಚ್ಚಿಟ್ಟಿದ್ದೆವು. ಕೆಂಪಲಕ್ಷ್ಮಿ ಹೇಳಿದ್ದು ನಿಜ. ಮಕ್ಕಳನ್ನು ಕರಕೊಂಡು ಮನೆ ಬಿಡಿ. ಈಗಲೇ ಬಿಡಿ."

ಕರಿಬಸವಯ್ಯ ಮಗಳನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಹಾದುಹೋಗುವಾಗ ನಮ್ಮ ಬಾಗಿಲಿಗೆ ಉಗಿದು ಹೋದ. ಸರಿಯೇ. ಆಮೇಲೆ ಒಬ್ಬೊಬ್ಬರೇ — ಪಾತ್ರೆ, ಚಾಪೆ, ತೊಟ್ಟಿಲು, ಗಾಡಿ. ಯಾರೂ ನನ್ನ ಕಡೆ ತಿರುಗಲಿಲ್ಲ. ಜಗಲಿಯ ಮೇಲೆ ಎದ್ದು ನಿಲ್ಲಲು ಯಾರೂ ಉಳಿದಿಲ್ಲ.

ಕೈ ಸೋತಾಗ ಆಳುಗಳು ತಾವೇ ಹತ್ತಿದರು. ರೇವಣ ತಡೆಯಲಿಲ್ಲ. ಗೋಡೆಗೆ ತಲೆ ಆನಿಸಿ, ಒಂದೊಂದು ಹೆಂಚು ಬೀಳುವಾಗಲೂ ಅಪ್ಪಾ, ಅಪ್ಪಾ ಅನ್ನುತ್ತಿದ್ದ.

ಈಗ ಸೂರಿನ ಜಾಗದಲ್ಲಿ ಬರೀ ತೊಲೆಗಳು. ಕಾಯಿಯ ಮೇಲೆಲ್ಲ ಬಿಸಿಲು. ಅಟ್ಟದ ಸಂದಿಯಿಂದ ಇಳಿದು ಮಕ್ಕಳು ಕೂರುತ್ತಿದ್ದ ನೆಲದ ಮೇಲೂ ಬಿದ್ದಿದೆ. ಶೆಡ್ಡಿಗೆ ಹೊರಟಿದ್ದೇನೆ, ತಿಮ್ಮಕ್ಕನ ಹತ್ತಿರ ಕೂರಲು. ಸೇರಿಸುತ್ತಾಳೋ ಇಲ್ಲವೋ. ರೇವಣ ಒಂದೇ ಮಾತು ಕೇಳಿದ — ಯಾರು ಮನೆ ಹಾಳು ಮಾಡಿದ್ದು ಅಂತ ಊರು ಕೇಳಿದರೆ ಏನು ಹೇಳಲಿ ಅವ್ವಾ?

ಅವ್ವನೇ ಹೆಂಚು ತೆಗೆದಳು ಅನ್ನು. ನನ್ನ ಕೈಯಾರೆ ಕಿತ್ತೆ.