ಜರ್ದಾಳು ನೆನೆಸುವ ಬಟ್ಟಲು

ದುಶಾಂಬೆ, ಹುಡುಗಿಯರ ಹಾಸ್ಟೆಲು
ನವೆಂಬರ್ ೧೪, ಗುರುವಾರ

ಪ್ರೀತಿಯ ಬೀಬಿಜಾನ್,

ನಿಮ್ಮ ಮೊಮ್ಮಗಳು ಮೋಹಿರಾಳ ಸಲಾಂ. ಹೇಗಿದ್ದೀರಿ? ಕಾಲಿನ ಬಾವು ಇಳಿದಿದೆಯೇ, ರಬ್ಬರಿನ ಗಲೋಶು ಮೆಟ್ಟಿಕೊಳ್ಳಲು ಆಗುತ್ತಿದೆಯೇ? ಮಲಗುವಾಗ ಒಂದು ದಿಂಬು ಸಾಕೇ ಅಥವಾ ಇನ್ನೂ ಗೋಡೆಗೆ ಒರಗಿಯೇ ನಿದ್ದೆಯೇ? ಇಸ್ಫರಾದಲ್ಲಿ ಇಷ್ಟು ಹೊತ್ತಿಗೆ ಒಲೆ ಹಚ್ಚಿರುತ್ತೀರಿ. ನಿಮ್ಮ ಸೊಸೆ, ನನ್ನ ಯಾಂಗಾ ಚಿಕ್ಕಮ್ಮ, ಚೆನ್ನಾಗಿದ್ದಾಳೆಂದು ನಂಬಿದ್ದೇನೆ. ಮಾಸ್ಕೋದಿಂದ ಅಪ್ಪ ಅಮ್ಮ ಫೋನು ಮಾಡಿದರೇ? ನನಗೆ ಹೇಳಬೇಕಾದ ವಿಷಯ ಒಂದೇ, ಗಾಬರಿಯದ್ದು. ಆದರೆ ಕ್ಷೇಮ ಕೇಳದೆ ಶುರುವಾದ ಕಾಗದವನ್ನು ನೀವು ಓದದೆ ಮಡಚಿ ದಿಂಬಿನಡಿ ಇಡುತ್ತೀರಿ ಎಂದು ಗೊತ್ತಿರುವುದರಿಂದ ಇಷ್ಟೆಲ್ಲ ಬರೆದೆ.

ನಾನು ಆರೋಗ್ಯವಾಗಿದ್ದೇನೆ. ಊಟ ಮಾಡುತ್ತಿದ್ದೇನೆ. ಮಾತಾಡಲು ಜನ ಇಲ್ಲ, ಅಷ್ಟೇ. ಲೈಸಿಯಂ ಶಾಲೆಯ ಹಾಸ್ಟೆಲಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿತೆ, ಇಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಮೇಷ್ಟ್ರು ರಷ್ಯನ್ನಿನಲ್ಲಿ ಕೇಳುತ್ತಾರೆ, ನನಗೆ ಉತ್ತರ ಹೊಳೆಯುವುದು ಮೂರನೆಯ ಯಾವುದೋ ಭಾಷೆಯಲ್ಲಿ, ಅದೂ ತರಗತಿ ಮುಗಿದ ಮೇಲೆ. ಮೊನ್ನೆ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಒಂದು ಚಿತ್ರ ತೋರಿಸಿ, ಇದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ ಎಂದು ಕೇಳಿದರು. ಕಿಡ್ನಿ ಎಂದೆ. ಹಿಂದಿನ ಬೆಂಚಿನವನು "ಗುರ್ದಾ ಕಣೆ, ಕಬಾಬ್ ಅಂಗಡೀಲಿ ಯಾವತ್ತೂ ತಿಂದಿಲ್ವಾ?" ಎಂದ. ಎಲ್ಲರೂ ನಕ್ಕರು. ಆ ಹೆಸರು ನನಗೂ ಗೊತ್ತಿತ್ತು ಬೀಬಿ. ನಿಮ್ಮ ಬಾಯಲ್ಲೇ ಕೇಳಿದ್ದೆ. ಬಾಯಿಗೆ ಬರಲಿಲ್ಲ. ಅವತ್ತಿನಿಂದ ಹುಡುಗರು ನನ್ನನ್ನು ಇಂಗ್ಲಿಷ್ ರಾಣಿ ಅನ್ನುತ್ತಾರೆ. ಊಟದ ಕೋಣೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತೇನೆ, ಬೆಟ್ಟದ ಮೇಲಿನ ಹಿಮ ನೋಡುವವಳ ಹಾಗೆ.

ನನ್ನ ಕೋಣೆಯಲ್ಲಿರುವವಳು ಸನವ್ಬರ್, ಕೂಲೋಬಿನವಳು, ಮೂರನೇ ವರ್ಷ. ಔಷಧಿಗಳ ಪರೀಕ್ಷೆ ಹತ್ತಿರ ಬಂದಿದೆಯೆಂದು ದಿನವಿಡೀ ಹೆಸರುಗಳನ್ನು ಉರುಹೊಡೆಯುತ್ತಾಳೆ, ನನ್ನೊಡನೆ ಮಾತು ಕಡಿಮೆ. ಹೋದ ಭಾನುವಾರ ನಮ್ಮೂರ ಟ್ಯಾಕ್ಸಿಯಣ್ಣ ಸತ್ತೋರ್ ಅಕಾ ನಿಮ್ಮ ಗಂಟು ತಂದುಕೊಟ್ಟರಲ್ಲ, ಜರ್ದಾಳು, ಅದರೊಳಗೆ ಖಾಲಿ ಗುಳಿಗೆಪಟ್ಟಿ, ಜೊತೆಗೆ ನಿಮ್ಮ ಚೀಟಿ. ಮನೆಯಲ್ಲಿ ಇನ್ನೊಂದೇ ಪಟ್ಟಿ ಇದೆ, ಪೇಟೆಯಲ್ಲಿ ಈ ಗುಳಿಗೆ ಸಿಗುತ್ತಿಲ್ಲ, ಅಲ್ಲಿಂದ ಕಳಿಸು ಎಂದಿತ್ತು. ಕೈಬೆರಳು ಜುಮ್ಮೆನ್ನುತ್ತವೆ, ಕಾಲು ಹತ್ತಿಯಂತಾಗಿದೆ, ಎದೆ ಒಮ್ಮೊಮ್ಮೆ ಎಡವುತ್ತದೆ, ಅದಕ್ಕೇ ಜರ್ದಾಳು ಹೆಚ್ಚಿಸಿದ್ದೇನೆ ಎಂದೂ ಇತ್ತು. ಸನವ್ಬರ್ ಪಟ್ಟಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಇದು ಯಾರದು?" ಎಂದಳು. ನಮ್ಮಜ್ಜಿಯದು ಎಂದೆ. "ಜರ್ದಾಳು ಯಾರು ತಿಂತಿರೋದು?" ಎಂದಳು. ನಮ್ಮಜ್ಜಿಯೇ ಎಂದೆ. ಅವಳು ಪುಸ್ತಕ ಮುಚ್ಚಿದಳು. ಅವಳು ಪುಸ್ತಕ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವಳು ವಿವರಿಸಿದ್ದನ್ನು ನಿಮಗೆ ತಿಳಿಯುವ ಹಾಗೆ ಹೇಳುತ್ತೇನೆ, ನಮ್ಮಜ್ಜ ಬೋಬೋ ನೀರಗಂಟಿಯಾಗಿದ್ದ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಗುರ್ದಾ ಎನ್ನುವುದು ಬೋಬೋನ ಕಾಲುವೆಯೇ. ಮೊದಲು ರಕ್ತದಿಂದ ನೀರನ್ನು ಧಾರಾಳವಾಗಿ ಕಾಲುವೆಗೆ ಬಿಡುತ್ತದೆ, ಆಮೇಲೆ ದಾರಿಯುದ್ದಕ್ಕೂ ಒಂದೊಂದು ತೂಬಿನಲ್ಲಿ ಬೇಕಾದದ್ದನ್ನು ವಾಪಸು ಎಳೆದುಕೊಳ್ಳುತ್ತದೆ, ಉಳಿದದ್ದು ಮೂತ್ರ. ಉಪ್ಪು ಹೋದ ಕಡೆಗೆ ನೀರು ಹೋಗುತ್ತದೆ. ನಿಮ್ಮ ಹಳೆಯ ಗುಳಿಗೆ ನಡುವಿನ ದೊಡ್ಡ ತೂಬನ್ನು ಮುಚ್ಚುತ್ತಿತ್ತು. ಉಪ್ಪು ಒಳಗೆ ಬರಲಾರದೆ ನೀರನ್ನೂ ಕರೆದುಕೊಂಡು ಹೊರಗೆ ಹರಿಯುತ್ತಿತ್ತು, ಬಾವು ಇಳಿಯುತ್ತಿತ್ತು. ಹೋಗುವಾಗ ಪೊಟ್ಯಾಸಿಯಂ ಎಂಬ ಇನ್ನೊಂದು ಉಪ್ಪನ್ನೂ ಒಯ್ಯುತ್ತಿತ್ತು. ಅದಕ್ಕೇ ಹಳೆಯ ಡಾಕ್ಟರು ಜರ್ದಾಳು ತಿನ್ನಿ ಎಂದದ್ದು, ಜರ್ದಾಳಿನಲ್ಲಿ ಅದು ತುಂಬಿಕೊಂಡಿದೆ. "ಗುಳಿಗೆ ತೆಗೀತದೆ, ಜರ್ದಾಳು ತುಂಬ್ತದೆ" ಎಂದು ನೀವು ಬೀದಿಗೆಲ್ಲ ಹೇಳುತ್ತಿದ್ದಿರಿ. ಅದು ಸರಿಯಾಗಿಯೇ ಇತ್ತು ಬೀಬಿ.

ಆದರೆ ಹೊಸ ಡಾಕ್ಟರು ಕೊಟ್ಟಿರುವುದು, ನೀವು ಕಳಿಸಿದ ಪಟ್ಟಿಯದು, ಬೇರೆ ಗುಳಿಗೆ. ಇದು ಕೂರುವುದು ಕಾಲುವೆಯ ಕೊನೆಯ ತೂಬಿನಲ್ಲಿ. ಅಲ್ಲಿ ಒಂದು ಅದಲುಬದಲು ನಡೆಯುತ್ತದೆ, ಉಪ್ಪು ಒಳಗೆ, ಪೊಟ್ಯಾಸಿಯಂ ಹೊರಗೆ. ಈ ಗುಳಿಗೆ ಆ ಅದಲುಬದಲನ್ನೇ ತಡೆಯುತ್ತದೆ. ಉಪ್ಪುನೀರು ಹೋಗುತ್ತದೆ, ಪೊಟ್ಯಾಸಿಯಂ ಮೈಯಲ್ಲೇ ಉಳಿಯುತ್ತದೆ. ನಿಮ್ಮ ರಕ್ತದೊತ್ತಡದ ಗುಳಿಗೆಯೂ ಅದನ್ನು ಉಳಿಸಿಕೊಳ್ಳುವಂಥದ್ದೇ. ಮಂಡಿನೋವಿಗೆ ನುಂಗುತ್ತೀರಲ್ಲ, ಅದು ಕಾಲುವೆಯ ಬಾಯನ್ನೇ ಕಿರಿದು ಮಾಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲ, ಮೇಲಿಂದ ನೀವು ಬಟ್ಟಲು ಬಟ್ಟಲು ಜರ್ದಾಳು ಸುರಿಯುತ್ತಿದ್ದೀರಿ. ಅದು ಹೆಚ್ಚಾದರೆ ಕೈಕಾಲು ಸೋಲುತ್ತವೆ, ಎದೆ ತಾಳ ತಪ್ಪುತ್ತದೆ. ಸನವ್ಬರ್ ಅಷ್ಟಕ್ಕೇ ನಿಲ್ಲಿಸಿದಳು. ಮುಂದಿನ ಸಾಲನ್ನು ನಾನೇ ಅವಳ ಪುಸ್ತಕದಲ್ಲಿ ಓದಿದೆ. ಇಲ್ಲಿ ಬರೆಯುವುದಿಲ್ಲ.

ಯಾಂಗಾಳಿಗೆ ಫೋನು ಮಾಡಿದೆ. "ಅತ್ತೆ ಕೈಲಿರೋ ಬಟ್ಟಲನ್ನ ಸೊಸೆ ಕಿತ್ಕೋಬೇಕಾ? ಜರ್ದಾಳಿನ ಊರಲ್ಲಿ ಅತ್ತೆಗೆ ಜರ್ದಾಳು ಕೊಡದೋಳು ಅಂತ ಬೀದಿಯೋರು ನನ್ನ ಮುಖಕ್ಕೆ ಉಗೀತಾರೆ. ಆಸ್ಪತ್ರೆಗೆ ಬನ್ನಿ ಅಂದ್ರೆ ಬರಲ್ಲ, ಸುಸ್ತು ಅಷ್ಟೇ ಅಂತಾರೆ. ಮೊದಲ್ನೇ ವರ್ಷಕ್ಕೇ ಡಾಕ್ಟರಮ್ಮ ಆಗ್ಬಿಟ್ಯಾ?" ಎಂದಳು. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡಿ, ಅವಳ ದನಿ ನಡುಗುತ್ತಿತ್ತು. ಫೋನನ್ನು ನಿಮಗೇ ಕೊಡು ಎಂದೆ. ನಿಮಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ, ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತು, ಜರ್ದಾಳು ತಿನ್ನಬೇಡಿ, ಜರ್ದಾಳು ಬೇಡ ಎಂದು ಕಿರುಚಿದೆ. "ಹ್ಞಾಂ ಹ್ಞಾಂ, ಜರ್ದಾಳಾ? ಇಷ್ಟು ಬೇಗ ಮುಗೀತಾ, ಈ ಬೀಬಿಯ ಜೀವವೇ? ಕಳಿಸ್ತೀನಿ, ಕೋಣೆಯೋಳಿಗೂ ಕೊಡು" ಎಂದು ಇಟ್ಟುಬಿಟ್ಟಿರಿ. ಮೆಟ್ಟಿಲಲ್ಲಿದ್ದವರು ನಗುತ್ತಿದ್ದರು. ನಾನೂ ನಕ್ಕೆ, ಆಮೇಲೆ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಇವತ್ತು ಬೆಳಿಗ್ಗೆ ಸತ್ತೋರ್ ಅಕಾ ಇನ್ನೊಂದು ಮೂಟೆ ಇಳಿಸಿದರು. "ನಿಮ್ಮಜ್ಜಿ ನಿನ್ನ ಡಾಕ್ಟರ್ ಮಾಡ್ತಾರೋ, ಜರ್ದಾಳು ಅಂಗಡಿ ಇಡಿಸ್ತಾರೋ?" ಎಂದರು. ಮಧ್ಯಾಹ್ನ ಅವರ ಗಾಡಿ ವಾಪಸು ಹೊರಡುತ್ತದೆ. ಈ ಕಾಗದವನ್ನು ಬೇರೆಯವರ ಕೈಗೆ ಕೊಡಬೇಡಿ, ಬೀಬಿಯ ಕೈಗೇ ಕೊಡಿ ಎಂದು ಹೇಳುತ್ತೇನೆ. ಫೋನಿನಲ್ಲಿ ಬಂದ ಮಾತು ಗಾಳಿಮಾತು, ಕಾಗದದಲ್ಲಿ ಬಂದದ್ದು ಮಾತು ಎನ್ನುವವರು ನೀವು. ಅಕ್ಷರ ದೊಡ್ಡದಾಗಿಯೇ ಬರೆದಿದ್ದೇನೆ.

ನೀವು ಕಳಿಸಿದ ಮೂಟೆ ಮಂಚದ ಕೆಳಗಿದೆ. ಬಾಗಿಲು ತೆರೆದರೆ ಕೋಣೆಯೆಲ್ಲ ನಮ್ಮ ಚಾವಣಿಯ ವಾಸನೆ, ಬಿಸಿಲಿಗೆ ಹರಡಿದ ಹಣ್ಣಿನದು. ನೀವು ಒಳಗಿನ ಬೀಜ ತೆಗೆದು ಬಾದಾಮಿ ತುಂಬಿಟ್ಟಿದ್ದೀರಿ. ಆ ಜುಮ್ಮೆನ್ನುವ ಬೆರಳುಗಳಿಂದ ಹೇಗೆ ತುಂಬಿದಿರೋ. ನನಗೆ ಇಲ್ಲಿ ಯಾರೂ ಇಲ್ಲ ಬೀಬಿ. ಅಲ್ಲಿ ನೀವಿದ್ದೀರಿ ಎಂಬ ಧೈರ್ಯದ ಮೇಲೆ ಇಲ್ಲಿ ಇದ್ದೇನೆ.

ಯಾಂಗಾಳಿಗೆ ಸಲಾಂ, ಪಕ್ಕದ ಮನೆಯ ಅಜ್ಜಿಗೂ. ನಿಮ್ಮ ಎರಡೂ ಕೈ ಕಣ್ಣಿಗೊತ್ತಿಕೊಂಡು,

ನಿಮ್ಮ ಮೋಹಿರಾ

ಮರೆತ ಮಾತು: ಸತ್ತೋರ್ ಅಕಾ ಹಾರನ್ ಹೊಡೆಯುತ್ತಿದ್ದಾರೆ. ಸನವ್ಬರ್ ತನ್ನ ಮೇಷ್ಟ್ರನ್ನು ಕೇಳಿಕೊಂಡು ಬಂದಳು, ಇವತ್ತೇ ಆಸ್ಪತ್ರೆಗೆ ಹೋಗಬೇಕಂತೆ, ರಕ್ತಪರೀಕ್ಷೆ, ಎದೆಯ ಪರೀಕ್ಷೆ ಎರಡೂ ಆಗಬೇಕಂತೆ. ಎಲ್ಲ ಗುಳಿಗೆಪಟ್ಟಿಗಳನ್ನೂ ತೆಗೆದುಕೊಂಡು ಹೋಗಿ ತೋರಿಸಿ, ಮಂಡಿನೋವಿನದನ್ನೂ. ಓದಿದ ಕೂಡಲೇ ಸತ್ತೋರ್ ಅಕಾನ ಗಾಡಿಯಲ್ಲೇ ಹತ್ತಿ, ಅವರಿಗೆ ಹೇಳಿದ್ದೇನೆ. ಜರ್ದಾಳು ನೆನೆಸುವ ಆ ಬಟ್ಟಲನ್ನು ಯಾಂಗಾ ನಿಮ್ಮ ಕೈಯಿಂದ ಕಿತ್ತುಕೊಳ್ಳುವುದಿಲ್ಲ, ಅವಳಿಂದ ಆಗದು. ನೀವೇ ಅವಳ ಕೈಗೆ ಕೊಡಿ, ಬೀದಿಯವರು ನೋಡುವ ಹಾಗೆ, ಬಾಗಿಲಲ್ಲಿ ನಿಂತು ಕೊಡಿ. ಆಸ್ಪತ್ರೆಯಿಂದ ಫೋನು ಮಾಡಿಸಿ. ನನ್ನ ಮಾತು ನಿಮಗೆ ಕೇಳದಿದ್ದರೆ ಬೇಡ. ಸುಮ್ಮನೆ "ಕೊಟ್ಟೆ" ಎನ್ನಿ. ನನಗೆ ಕೇಳಿಸುತ್ತದೆ.