ಎಡಗಡೆಯ ಜಾಗ

ಮುನೀರ್,

ಇವತ್ತು ಎಲ್ಲರ ಮುಂದೆ ಮಾನ ಕಳ್ಕೊಂಡೆ ಕಣೋ. ಆಲ್ಮೆರೆ ಊರಿಗೆ ಹೋಗೋ ಟ್ರೇನಲ್ಲಿ ಸೀಟಿದೆ, ಕೂತ್ಕೊಳ್ಳೋಕೆ ಮನಸ್ಸಾಗ್ತಿಲ್ಲ, ನಿಂತೇ ಬರೀತಿದ್ದೀನಿ. ಕಳಿಸೋಕೆ ಅಡ್ರೆಸ್ ಇಲ್ಲ. ನಿಮ್ಮಮ್ಮ ಕೊಡಲಿಲ್ಲ, ಸರಿಯಾಗೇ ಮಾಡಿದ್ರು.

ನಾನೀಗ ಹುಡುಗೀರ ಐಸ್ ಹಾಕಿ ಟೀಮಿಗೆ ಕೋಚ್. ಇವತ್ತು ಕೊನೇ ನಿಮಿಷದಲ್ಲಿ, ಎಡಗಡೆ ಡಿಫೆನ್ಸ್ ಆಡೋ ಫೆಮ್ಕೆ ಗೋಲ್ ಆಸೆಗೆ ತನ್ನ ಜಾಗ ಬಿಟ್ಟು ಮುಂದೆ ನುಗ್ಗಿದಳು. ಪಕ್ ಬಿಲ್ಲೆ ಎದುರಾಳಿಗಳಿಗೆ ಸಿಕ್ತು. ಹಿಂದೆ ಒಂಟಿಯಾಗಿ ಉಳಿದಿದ್ದ ಅವಳ ಜೋಡಿ ಮೇಲೆ ಇಬ್ಬರು ಒಟ್ಟಿಗೆ ಬಂದ್ರು. ನನಗೇ ಗೊತ್ತಿಲ್ಲದೆ ಬೆಂಚಿನ ಮುಂದಿನ ಗೋಡೆ ಹಾರಿ ಐಸಿಗೆ ಇಳಿದುಬಿಟ್ಟಿದ್ದೆ. ಕಾಲಲ್ಲಿ ಸ್ಕೇಟ್ಸ್ ಇಲ್ಲ, ಆಫೀಸ್ ಶೂ! ಎರಡೇ ಹೆಜ್ಜೆಗೆ ಮಕಾಡೆ ಬಿದ್ದೆ. ರೆಫರಿ ನಮ್ಮ ಟೀಮಿಗೆ ಪೆನಾಲ್ಟಿ ಹಾಕಿದ. ಸೋತೆವು.

ಆಮೇಲೆ ಫೆಮ್ಕೆಗೆ ಬೈಯೋಕೆ ಹೋದೆ. ಅವಳೇ ಕೇಳಿದಳು, “ಶರಣ್, ಎಲ್ಲಿಗೆ ಹೊರಟಿದ್ದೆ ನೀನು?”

ಕಾಲು ಜಾರಿತು ಅಂದೆ.

ನಿನ್ನ ಮಂಡಿ ಹೇಗಿದೆ? ಈ ಚಳಿಗೆ ನೋಯುತ್ತಾ? ನಾನು ಗೋಲ್ ಆಸೆಗೆ ಮುಂದೆ ಹೋದ ಅವತ್ತು, ನಿನ್ನನ್ನ ಸೇರಿಸಿದ ಆಸ್ಪತ್ರೆ ಬಾಗಿಲ ತನಕ ಬಂದಿದ್ದೆ. ಒಳಗೆ ಬರಲಿಲ್ಲ.

ಹತ್ತು ಸೀಸನ್ ನೀನು ಬಲಗಡೆ ನಿಂತು ಆಡಿದೆ, ಮುನೀರ್. ಒಂದ್ಸಲಾನೂ ಜಾಗ ಬಿಡಲಿಲ್ಲ. ಎಡಗಡೆ ನಾನಿದ್ದೀನಿ ಅನ್ನೋ ಧೈರ್ಯದಲ್ಲಿ.