ಏಳು ಕೋಟುಗಳ ಒಳಜೇಬು

ಸ್ಮಾರಕದ ಬೆಟ್ಟದ ಕೆಳಗಿನ ವಸತಿಗೃಹ,
ಕೋಣೆ ಹನ್ನೆರಡು,
ಮಾರ್ಚ್ 14, ಗುರುವಾರ ಮಧ್ಯಾಹ್ನ.

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಎಷ್ಟಕ್ಕೆ ಬಂತು? ಡಾಕ್ಟರು ಬರೆದುಕೊಟ್ಟ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ದಿನಾ ಅದರ ಮುಖ ನೋಡಿ ಸುಮ್ಮನಾಗುತ್ತಿದ್ದೀಯೋ? ನಿನ್ನನ್ನು ಬಲ್ಲೆ. ನಾನು ಚೆನ್ನಾಗಿದ್ದೇನೆ. ಶೀತ ಬಂದು ಹೋಯಿತು, ಗಂಟಲು ಕಟ್ಟಿತ್ತು, ನಮ್ಮನೆಯವರಿಗೆ ಎರಡು ದಿನ ಸ್ವರ್ಗ. ಪ್ರವಾಸಕ್ಕೆ ಬರುತ್ತೀರಾ ಅಂದರೆ ಟೀವಿ ನೋಡಿಕೊಳ್ಳಲು ಒಬ್ಬರು ಬೇಕಲ್ಲ ಅಂದರು, ಬಿಟ್ಟು ಬಂದೆ. ಫೋನ್ ಮಾಡದೆ ಕಾಗದ ಯಾಕೆ ಅಂತ ನೀನು ಹುಬ್ಬು ಗಂಟಿಕ್ಕಿರುತ್ತೀಯ. ಫೋನಿನಲ್ಲಿ ಎರಡು ಸಲ ‘ಆಯ್ತು, ಆಯ್ತು’ ಅಂದು ಇಟ್ಟುಬಿಡುತ್ತೀಯ ಅಕ್ಕಾ. ಕಾಗದವಾದರೆ ಪೂರ್ತಿ ಓದುತ್ತೀಯ. ಲೆಕ್ಕದ ಟೀಚರಾಗಿದ್ದವಳು, ಕೊನೆಯ ಸಾಲು ನೋಡದೆ ಬಿಡುವವಳಲ್ಲ.

ನಮ್ಮ ಹೊಲಿಗೆ ಸಂಘದ ನಿವೃತ್ತರು ಇಪ್ಪತ್ತೆರಡು ಮಂದಿ ಒಂದು ಬಸ್ಸು ಮಾಡಿಕೊಂಡು ಬಂದಿದ್ದೇವೆ. ಯುದ್ಧದ ಸ್ಮಾರಕಗಳು, ಶಾಂತಿಯ ವಸ್ತುಸಂಗ್ರಹಾಲಯಗಳು, ಇಷ್ಟೇ ನೋಡುವ ಪ್ರವಾಸ. ಹೊರಡುವಾಗ ನಾನೇ ಗೊಣಗಿದ್ದೆ, ಈ ವಯಸ್ಸಿನಲ್ಲಿ ಸತ್ತವರ ಹೆಸರು ಓದಿಕೊಂಡು ತಿರುಗಬೇಕೇ, ಸಮುದ್ರ ಕಿನಾರೆಗೆ ಹೋಗಬಾರದೇ ಅಂತ. ನಮ್ಮನ್ನು ಕರೆತಂದಾಕೆ ಕೊರಳಿಗೆ ಸೀಟಿ ಕಟ್ಟಿಕೊಂಡಿದ್ದಾಳೆ. ಯಾರು ಎಲ್ಲಿ ಹತ್ತು ನಿಮಿಷ ಹೆಚ್ಚು ನಿಂತರೂ ಊದುತ್ತಾಳೆ, ಅದಕ್ಕೇ ಸೀಟಿ ಮೇಡಂ ಅಂತ ಹೆಸರಿಟ್ಟಿದ್ದೇವೆ. ಆದರೆ ನಿನ್ನೆ ಬೆಳಿಗ್ಗೆ ಈ ಬೆಟ್ಟದ ಬುಡದಲ್ಲಿ ನಿಂತಾಗ ಸೀಟಿಯೂ ಸುಮ್ಮನಾಯಿತು. ಬೆಟ್ಟಕ್ಕೆ ಮೆಟ್ಟಿಲು ಕಟ್ಟಿದ್ದಾರೆ ಅಕ್ಕಾ, ಯುದ್ಧದ ಒಂದೊಂದು ದಿನಕ್ಕೆ ಒಂದೊಂದು ಮೆಟ್ಟಿಲು. ಪ್ರತಿಯೊಂದರ ಅಂಚಿನಲ್ಲೂ ತಾರೀಖು ಕೆತ್ತಿದೆ, ಬೇರೇನೂ ಇಲ್ಲ. ಒಟ್ಟು ಒಂಬೈನೂರ ಹನ್ನೊಂದೂವರೆ. ಯುದ್ಧ ನಿಂತದ್ದು ಮಧ್ಯಾಹ್ನವಂತೆ, ಹಾಗಾಗಿ ಕೊನೆಯ ಮೆಟ್ಟಿಲಿನ ಎತ್ತರ ಅರ್ಧ. ಇಡೀ ಬೆಟ್ಟ ಹತ್ತಿ ಸುಸ್ತಾದ ಕಾಲು ಆ ಕೊನೆಯ ಮೆಟ್ಟಿಲಿಗೂ ಅಷ್ಟೇ ಎತ್ತರ ಏಳುತ್ತದೆ, ಅಲ್ಲಿ ಮೆಟ್ಟಿಲು ಇರುವುದಿಲ್ಲ, ಎಲ್ಲರೂ ಮುಗ್ಗರಿಸುತ್ತಾರೆ. ನಾನೂ ಮುಗ್ಗರಿಸಿದೆ. ಕಟ್ಟಿದವನು ಬೇಕೆಂದೇ ಹಾಗೆ ಮಾಡಿರಬೇಕು. ನಡುವೆ ಮುನ್ನೂರ ನಲವತ್ತೆರಡನೇ ಮೆಟ್ಟಿಲಿನಲ್ಲಿ ನಾನು ಬಹಳ ಹೊತ್ತು ಕೂತಿದ್ದೆ. ಆಗ ಮಾತ್ರ ಸೀಟಿ ಕೂಗಿತು.

ಮೇಲೆ ಉದ್ದನೆಯ ಕಪ್ಪು ಗೋಡೆ, ಅದರ ತುಂಬ ಹೆಸರು. ನಮ್ಮ ಕಡೆಯವರು, ಆ ಕಡೆಯವರು ಅಂತ ಬೇರೆ ಮಾಡಿಲ್ಲ, ಪದವಿ ಬರೆದಿಲ್ಲ. ಸೇನಾಪತಿಯ ಕೆಳಗೆ ಅಡುಗೆಯವನು, ಅವನ ಕೆಳಗೆ ಶತ್ರುವಿನ ಡ್ರೈವರು. ಒಬ್ಬ ಹೆಂಗಸು ಬಕೆಟ್ಟು, ಬಟ್ಟೆ ಹಿಡಿದು ಹೆಸರುಗಳನ್ನು ಒರೆಸುತ್ತಿದ್ದಳು. ದಿನಕ್ಕೆ ಒಂದು ಸಾಲು, ಗೋಡೆ ಮುಗಿಯಲು ವರ್ಷವೇ ಬೇಕು, ಮಾರನೆಯ ದಿನ ಮತ್ತೆ ಮೊದಲಿಂದ. ಬೇಜಾರಾಗಲ್ವಾ ಅಂತ ಕೇಳಿದೆ. ‘ವರ್ಷಕ್ಕೆ ಒಂದ್ಸಲ ಮುಖ ತೊಳೆಸ್ಕೊಳ್ಳೋರು, ಅವರಿಗೆ ಬೇಜಾರಾಗ್ಬೇಕು’ ಅಂದಳು. ಅಷ್ಟು ಹೇಳಿ ಮತ್ತೆ ಬಟ್ಟೆ ಹಿಂಡಿದಳು. ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ. ನನ್ನ ಬಾಯಲ್ಲಿ! ಇದನ್ನು ಎಲ್ಲಾದರೂ ಬರೆದಿಟ್ಟುಕೋ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಗೋಡೆಯ ಹಿಂದೆ ಒಂದು ವಸ್ತುಸಂಗ್ರಹಾಲಯ. ಅಲ್ಲಿ ಒಂದೇ ಒಂದು ಬಂದೂಕು ಇಲ್ಲ. ಚಮಚ, ಕನ್ನಡಕ, ಅರ್ಧ ಹೆಣೆದ ಕಾಲುಚೀಲ, ಇಂಥವೇ. ಕೊನೆಯ ಕೋಣೆಯಲ್ಲಿ ಬೆಳಕು ಕಡಿಮೆ, ಗಾಜಿನ ಹಿಂದೆ ಏಳು ಕೋಟುಗಳು, ಸೈನಿಕರ ದಪ್ಪ ಬಟ್ಟೆಯ ಚಳಿಗಾಲದ ಕೋಟುಗಳು. ಏಳನ್ನೂ ಒಳಗಿನ ಲೈನಿಂಗ್ ಕಾಣುವ ಹಾಗೆ ಬಿಡಿಸಿ ಇಟ್ಟಿದ್ದಾರೆ. ಪ್ರತಿಯೊಂದರ ಒಳಗೂ ಒಂದು ಪುಟ್ಟ ಜೇಬು. ಪಕ್ಕದ ಫಲಕದಲ್ಲಿ ಹೀಗೆ ಬರೆದಿತ್ತು: ‘ಸೇನೆಯ ನಮೂನೆಯಲ್ಲಿ ಈ ಜೇಬು ಇಲ್ಲ. ಏಳೂ ಬಲ ಎದೆಯ ಮೇಲಿವೆ. ಆದ್ದರಿಂದ ಏಳು ಮಂದಿಯೂ ಎಡಚರಾಗಿದ್ದು, ತಮ್ಮ ಅನುಕೂಲಕ್ಕೆ ತಾವೇ ಹೊಲಿದುಕೊಂಡಿರಬಹುದು.’ ಅಕ್ಕಾ, ನಾನು ನಕ್ಕುಬಿಟ್ಟೆ. ಆ ಕೋಣೆಯಲ್ಲಿ, ಎಲ್ಲರೂ ಉಸಿರು ಬಿಗಿಹಿಡಿದು ನಿಂತಿರುವಾಗ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೀಟಿ ಮೇಡಂ ನನ್ನ ತೋಳು ಹಿಡಿದು ಆಚೆಗೆಳೆದಳು. ಅಷ್ಟರಲ್ಲಿ ನಗು ಅಳುವಾಗಿತ್ತು, ಎರಡಕ್ಕೂ ನಡುವೆ ನನಗೇ ವ್ಯತ್ಯಾಸ ಗೊತ್ತಾಗಲಿಲ್ಲ.

ಎಡಚರು ಸೈನಿಕರಲ್ಲ, ಹೊಲಿದವಳು ಎಡಚಿ. ಅಪ್ಪನ ಅಂಗಿಗಳು ನೆನಪಿವೆಯಾ? ಅಮ್ಮ ತನ್ನ ಕೈಗೆ ಹೊಂದುವಂತೆ ಎಲ್ಲ ಜೇಬನ್ನೂ ಬಲಕ್ಕೆ ಇಡುತ್ತಿದ್ದಳು. ಅಪ್ಪ ಬೀಗದ ಕೈಗೆ ಎಡ ಎದೆ ತಡಕಿ, ಬಲ ಎದೆ ತಡಕಿ, ‘ಇವಳ ಎಡಗೈ ಸಹವಾಸದಲ್ಲಿ ನನ್ನ ಬಲಗೈ ಹಾಳಾಯ್ತು’ ಅಂತ ಬಾಗಿಲಲ್ಲೇ ಶುರು ಮಾಡುತ್ತಿದ್ದರು. ಆದರೂ ಒಮ್ಮೆ ಖಾತ್ರಿ ಮಾಡಿಕೊಳ್ಳೋಣ ಅಂತ ಮತ್ತೆ ಒಳಗೆ ಹೋಗಿ ಗಾಜಿಗೆ ಮೂಗು ಒತ್ತಿ ನೋಡಿದೆ. ದಾರದ ಕೊನೆಯಲ್ಲಿ ಗಂಟಿಲ್ಲ. ಸೂಜಿಯನ್ನು ಮೂರು ಸಲ ಹಿಂದಕ್ಕೆ ತಂದು ದಾರವನ್ನು ಬಟ್ಟೆಯೊಳಗೇ ಮುಳುಗಿಸಿದೆ. ಗಂಟು ಹಾಕಿದರೆ ಮೈಗೆ ಉಜ್ಜುತ್ತದೆ ಅಂತ ನಮ್ಮಿಬ್ಬರ ಕೈಯಿಂದಲೂ ಎಷ್ಟು ಸಲ ಬಿಚ್ಚಿಸಿದ್ದಳು! ನಲವತ್ತು ವರ್ಷ ಹೊಲಿಗೆ ಕಲಿಸಿದ್ದೇನೆ, ಆ ಮುಕ್ತಾಯವನ್ನು ಇನ್ನೊಬ್ಬರ ಕೈಯಲ್ಲಿ ಕಂಡಿಲ್ಲ.

ನಿನಗೆ ಈ ಜೇಬಿನ ಕಥೆ ಕೇಳುವುದು ಇಷ್ಟವಿಲ್ಲ ಅಂತ ಗೊತ್ತು. ಅದು ಬಂದಾಗಲೆಲ್ಲ ಎದ್ದು ಹೋಗುತ್ತೀಯ. ಯುದ್ಧದ ಕಾಲದ ಕೋಟಿನ ಕಾರ್ಖಾನೆಯಲ್ಲಿ ಅಮ್ಮ ಕೂತಿದ್ದ ಮೂಲೆ, ಕತ್ತರಿಸಿ ಬಿಸಾಡಿದ ಲೈನಿಂಗ್ ಚೂರು, ಅದನ್ನು ಯಾರಿಗೂ ಕಾಣದಂತೆ ಜೇಬು ಮಾಡಿ ಕೋಟಿನೊಳಗೆ ಸೇರಿಸುತ್ತಿದ್ದದ್ದು, ಹೊರಗಿನ ಜೇಬಿಗೆ ಮಳೆ ಇಳಿಯುತ್ತೆ, ಮನೆಯವರ ಕಾಗದ ಒದ್ದೆಯಾಗುತ್ತೆ ಅಂತ ಅವಳಂದದ್ದು, ನೀನು ಮರೆತಿರಲಾರೆ. ಚೂರು ಬಟ್ಟೆ ಮುಟ್ಟಿದರೂ ಕಳ್ಳತನ ಅಂತ ನಿಯಮ. ಒಂದು ದಿನ ಯಾರೋ ಹೇಳಿಬಿಟ್ಟರು. ಅಮ್ಮನನ್ನು ಕಳ್ಳಿ ಅಂತ ಕರೆದು ಗೇಟಿನಿಂದ ಆಚೆ ಕಳಿಸಿದರು. ಮನೆಯಲ್ಲಿ ಅಜ್ಜಿ ಹುಡುಕಿದ್ದು ಒಂದೇ, ಊಟದ ಡಬ್ಬಿ ಕೊಡಲು ದಿನಾ ಗೇಟಿಗೆ ಹೋಗುತ್ತಿದ್ದವರು ಯಾರು? ನೀನು. ಅಲ್ಲಿ ಬಾಯಿ ಬಿಟ್ಟವಳು ನೀನೇ ಅಂತ ತೀರ್ಮಾನವಾಯಿತು. ನೀನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಆಮೇಲೆ ಒಂದು ಬಾಯಿ ಕಡಿಮೆಯಾಗಲಿ ಅಂತ ನಿನ್ನನ್ನು ಸೋದರಮಾವನ ಮನೆಗೆ ಕಳಿಸಿದರು. ಹತ್ತು ವರ್ಷದವಳು ಹೋದವಳು ನಮ್ಮ ಮನೆಗೆ ಮತ್ತೆ ನೆಂಟಳಾಗಿಯೇ ಬಂದೆ. ಅಮ್ಮ ಹೋದಾಗಲೂ ಅದೇ ದಿನ ಸಂಜೆಯ ಬಸ್ಸಿಗೆ ಹೊರಟೆ.

ಅಲ್ಲಿ ಬಟ್ಟೆಗಳನ್ನು ಜೋಪಾನ ಮಾಡುವ ಒಬ್ಬಾಕೆ ಇದ್ದಾಳೆ, ಬಿಳಿ ಕೈಗವಸು ಹಾಕಿಕೊಂಡು ಮಾತನ್ನೂ ಮೆಲ್ಲಗೆ ಆಡುವವಳು. ನಾನು ಹೇಳಿದ್ದನ್ನು ಮೊದಲು ನಂಬಲಿಲ್ಲ. ಬಿಳಿ ಬಟ್ಟೆಯ ತುಂಡೊಂದನ್ನು ಕೊಟ್ಟು, ಹೊಲಿದು ತೋರಿಸಿ ಅಂದಳು. ಜೇಬು ಹೊಲಿದು ದಾರ ಮುಳುಗಿಸಿ ಕೊಟ್ಟೆ. ಭೂತಗನ್ನಡಿ ಹಿಡಿದು ಅದನ್ನೂ ಕೋಟನ್ನೂ ನೋಡಿದಳು, ಮತ್ತೆ ನೋಡಿದಳು, ಆಮೇಲೆ ನನಗೆ ಕುರ್ಚಿ ಎಳೆದು ಹಾಕಿದಳು. ಆ ಜೇಬುಗಳಲ್ಲಿ ಸಿಕ್ಕಿದ್ದನ್ನೆಲ್ಲ ಡ್ರಾಯರಿನಿಂದ ತೆಗೆದು ತೋರಿಸಿದಳು. ಒಂದರಲ್ಲಿ ಮಗುವಿನ ಕೂದಲು, ಒಂದರಲ್ಲಿ ಸೌತೆಕಾಯಿ ಬೀಜದ ಪೊಟ್ಟಣ. ಇನ್ನೊಬ್ಬ ತನ್ನ ಹೆಂಡತಿಗೆ ಕಾಗದ ಬರೆದು ಕಳಿಸಲಾಗದೆ ಅದರಲ್ಲೇ ಇಟ್ಟಿದ್ದ: ‘ಈ ಕೋಟಿಗೆ ಯಾರೋ ಪುಣ್ಯಾತ್ಮರು ಒಂದು ಜೇಬು ಹೆಚ್ಚಿಗೆ ಹಾಕಿದ್ದಾರೆ. ನಿನ್ನ ಫೋಟೋ ಅದರಲ್ಲಿದೆ. ಮೂರು ವಾರದ ಮಳೆಯಲ್ಲೂ ಒದ್ದೆಯಾಗಿಲ್ಲ.’ ಕೊನೆಯ ಕೋಟಿನಲ್ಲಿ ಎರಡು ಫೋಟೋ ಇದ್ದವು. ಅದನ್ನು ತೊಟ್ಟಿದ್ದ ನಮ್ಮವನು ಸತ್ತ ಮೇಲೆ, ಚಳಿ ತಾಳದೆ ಆ ಕಡೆಯ ಸೈನಿಕನೊಬ್ಬ ತೆಗೆದು ಹಾಕಿಕೊಂಡಿದ್ದನಂತೆ. ಜೇಬಿನಲ್ಲಿದ್ದ ಪರರ ಹೆಂಡತಿ ಮಕ್ಕಳ ಫೋಟೋವನ್ನು ಬಿಸಾಡಲಿಲ್ಲ, ತನ್ನ ತಾಯಿಯ ಫೋಟೋವನ್ನು ಅದರ ಜೊತೆಗೆ ಇಟ್ಟುಕೊಂಡ. ಅವನು ಮನೆ ಮುಟ್ಟಿ ಮುದುಕನಾಗಿ, ಕೋಟನ್ನೂ ಎರಡು ಫೋಟೋಗಳನ್ನೂ ತಾನೇ ತಂದು ಇಲ್ಲಿ ಕೊಟ್ಟುಹೋದನಂತೆ. ಕಳ್ಳಿ ಅನ್ನಿಸಿಕೊಂಡ ನಮ್ಮಮ್ಮನ ಅಂಗೈಯಗಲ ಚೂರು ಬಟ್ಟೆಯೊಳಗೆ ಎರಡು ಮನೆಗಳು ಒಟ್ಟಿಗೆ ಕೂತಿದ್ದವು ಅಕ್ಕಾ. ನನಗೆ ಕೈ ಮುಗಿಯಬೇಕು ಅನ್ನಿಸಿತು, ಯಾರಿಗೆ ಅಂತ ತಿಳಿಯಲಿಲ್ಲ, ಮೇಜಿಗೇ ಮುಗಿದೆ.

ಫಲಕ ಬದಲಾಯಿಸುತ್ತಾರಂತೆ. ಹೊಲಿದವರು ಯಾರು, ಯಾಕೆ ಹೊಲಿದರು ಅಂತ ನನ್ನ ಕೈಯಲ್ಲೇ ಬರೆಸಿಕೊಂಡರು. ಒಂದು ತಾರೀಖಿನ ನಂತರದ ಕೋಟುಗಳಲ್ಲಿ ಈ ಜೇಬು ಇಲ್ಲವಲ್ಲ, ಯಾಕೆ ನಿಂತಿತು ಅಂತಲೂ ಕೇಳಿದಳು. ಅದನ್ನೂ ಬರೆದುಕೊಟ್ಟೆ. ಬಸ್ಸು ನಾಳೆ ಹೊರಡುತ್ತದೆ, ನಾನು ಹೊರಡುವುದಿಲ್ಲ, ಇನ್ನೂ ಹತ್ತು ದಿನ ಇಲ್ಲೇ ಇರುತ್ತೇನೆ. ಸೀಟಿ ಮೇಡಂಗೆ ಹೇಳಿಯಾಯಿತು, ಊದಿದಳು, ಊದಲಿ.

ಮಂಡಿಗೆ ಎಣ್ಣೆ ಹಚ್ಚಿಕೋ. ಮಗನಿಗೆ, ಸೊಸೆಗೆ ನನ್ನ ಆಶೀರ್ವಾದ ತಿಳಿಸು, ಮೊಮ್ಮಗಳ ಕೆನ್ನೆಗೆ ಒಂದು ಮುತ್ತು. ನಿನಗೆ, ನನಗಿಂತ ನಾಲ್ಕೇ ವರ್ಷ ದೊಡ್ಡವಳಾದರೂ, ಈ ಸಲ ಕಾಲಿಗೆ ಬಿದ್ದ ನಮಸ್ಕಾರ.

ನಿನ್ನ ತಂಗಿ,
ಮನೆಯ ರೇಡಿಯೋ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಈಗ ಬರೆಯದಿದ್ದರೆ ಇನ್ನು ಬರೆಯಲಾರೆ. ಹೇಳಿದ್ದು ನಾನು ಅಕ್ಕಾ. ಪಕ್ಕದ ಮನೆಯಲ್ಲಿ ಇರಬೇಕಾಗಿದ್ದ ನಾನು ಅತ್ತು ಹಠ ಮಾಡಿದ್ದಕ್ಕೆ, ಅಜ್ಜಿಗೆ ಹೇಳದೆ ನೀನು ನನ್ನನ್ನು ಗೇಟಿಗೆ ಕರೆದುಕೊಂಡು ಹೋದ ದಿನ. ನೀನು ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಸೂಪರ್‌ವೈಸರು ಬಗ್ಗಿ, ‘ನಿಮ್ಮಮ್ಮ ಚೆನ್ನಾಗಿ ಹೊಲೀತಾಳಾ ಮರಿ?’ ಅಂದ. ನನಗೆ ಆರು ವರ್ಷ, ಹೆಮ್ಮೆಯೋ ಹೆಮ್ಮೆ. ‘ನಮ್ಮಮ್ಮ ಎಲ್ಲರಿಗಿಂತ ಒಂದು ಜೇಬು ಜಾಸ್ತಿ ಹಾಕ್ತಾಳೆ’ ಅಂದೆ. ನಾನು ಅಲ್ಲಿದ್ದೆ ಅಂತ ಗೊತ್ತಿದ್ದವಳು ನೀನೊಬ್ಬಳೇ. ಅಜ್ಜಿ ಹೊಡೆಯುವಾಗ ನೀನು ಒಂದೇ ಒಂದು ಸಲ ನನ್ನ ಕಡೆ ನೋಡಿದೆ, ಆಮೇಲೆ ನೆಲ ನೋಡಿದೆ. ನಾನು ಮೂರು ತಿಂಗಳು ಬಾಯಿ ಬಿಡಲಿಲ್ಲ, ಜ್ವರದಿಂದ ಅಂದುಕೊಂಡರು. ಅಮ್ಮನಿಗೂ ಹೇಳಲಿಲ್ಲ, ನಾಳೆ ನಾಳೆ ಅಂತ ಅವಳೇ ಹೋಗಿಬಿಟ್ಟಳು. ಫಲಕಕ್ಕೆ ನಾನು ಬರೆದುಕೊಟ್ಟದ್ದು ಇಷ್ಟು: ‘ಜೇಬಿನ ವಿಷಯ ಹೊರಹಾಕಿದ್ದು ಚಿಕ್ಕ ಮಗಳು. ಶಿಕ್ಷೆ ಅನುಭವಿಸಿ ಮನೆ ಬಿಟ್ಟದ್ದು ದೊಡ್ಡ ಮಗಳು.’ ಗೋಡೆಗೆ ಹಾಕುವುದು ಮುಂದಿನ ಶನಿವಾರ. ಅಪರಿಚಿತರು ಓದುವ ಮೊದಲು ನೀನು ಓದಬೇಕು. ಬಾ. ನಾನು ಬಾಯಿ ಬಿಟ್ಟ ದಿನದ ತಾರೀಖು ನನಗೆ ಮರೆಯುವ ಹಾಗಿಲ್ಲ, ಮಾರನೆಯ ದಿನ ನಿನ್ನ ಹುಟ್ಟುಹಬ್ಬ. ಆ ತಾರೀಖು ಕೆತ್ತಿರುವುದೇ ಮುನ್ನೂರ ನಲವತ್ತೆರಡನೇ ಮೆಟ್ಟಿಲಿನಲ್ಲಿ. ಕೆಳಗೆ ಊರುಗೋಲು ಕೊಡುತ್ತಾರೆ, ನಿಧಾನ ಹತ್ತೋಣ, ಅಲ್ಲಿ ಕೂತು ಮೊದಲು ನನ್ನ ಕಿವಿ ಹಿಂಡು. ಆಮೇಲೆ ಒಂದೇ ಒಂದು ಮಾತು ಹೇಳು ಅಕ್ಕಾ, ಅವತ್ತು ಸಾಲಿನಲ್ಲಿ ನಿಂತಿದ್ದ ನಿನಗೆ ನನ್ನ ಮಾತು ಕೇಳಿಸಿತ್ತಾ?